ರಸ್ತೆಗೆ ಪರೀಕ್ಷೆ, ಮೈದಾನಕ್ಕೆ ಅಂದಾಜು

ಶಿರಾ ಹಾದು ಹೋಗುವ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಎಲ್ಲೇ ಮಣ್ಣು ತುಂಬಿ ಏರಿ ಹಾಕಿದರೂ ಒಂದೊಂದು ಪದರಕ್ಕೂ ಪರೀಕ್ಷೆ ಆಗಬೇಕು. ಅದು ನಿಯಮ. ರೋಲರ್ ಹೋದ ಮೇಲೆ ಲ್ಯಾಬಿನ ಹುಡುಗರು ಬಂದು ಕಬ್ಬಿಣದ ಸಿಲಿಂಡರ್ ಬಡಿದು ಮಣ್ಣು ತೆಗೆಯುತ್ತಾರೆ, ತೂಗುತ್ತಾರೆ, ಒಣಗಿಸಿ ಮತ್ತೆ ತೂಗುತ್ತಾರೆ. ಲೆಕ್ಕ ಸರಿಹೋಗದಿದ್ದರೆ ಮೇಲಿನ ಪದರ ಹಾಕುವಂತಿಲ್ಲ. ಅದೇ ಹೆದ್ದಾರಿ ಬಿಟ್ಟು ಪಟ್ಟನಾಯಕನಹಳ್ಳಿಯ ಕಡೆಗೋ, ಮಧುಗಿರಿ, ಪಾವಗಡ, ಕೊರಟಗೆರೆಯ ಊರುಗಳಿಗೋ ತಿರುಗಿದರೆ ಸಿಗುವ ಶಾಲಾ ಮೈದಾನಗಳಿಗೆ ಈ ಭಾಗ್ಯ ಇಲ್ಲ. ಜೆಸಿಬಿ ಬರುತ್ತದೆ, ಒಂದಷ್ಟು ಲೋಡು ಗ್ರಾವೆಲ್ ಬೀಳುತ್ತದೆ, ರೋಲರ್ ನಾಲ್ಕು ಸುತ್ತು ಹಾಕುತ್ತದೆ, ಫೋಟೊ ತೆಗೆದರೆ ಕಾಮಗಾರಿ ಮುಗಿಯಿತು. ಲಾರಿ ಓಡುವ ಮಣ್ಣಿಗೆ ಇರುವ ಲೆಕ್ಕ ಮಕ್ಕಳು ಓಡಿ ಬೀಳುವ ಮಣ್ಣಿಗೆ ಯಾಕಿಲ್ಲ?

ಇದು ಉಡಾಫೆಯ ಪ್ರಶ್ನೆಯಲ್ಲ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚಿನ ಕಡೆ ಮರಳು ಬೆರೆತ ಕೆಮ್ಮಣ್ಣು. ವರ್ಷದ ಮಳೆ ಸುಮಾರು 500ರಿಂದ 600 ಮಿಲಿಮೀಟರ್, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನದು. ಈ ಕೆಮ್ಮಣ್ಣಿಗೆ ಒಂದು ಗುಣವಿದೆ: ನೆಂದಾಗ ಮೆತ್ತಗಾಗಿ ಕುಸಿಯುತ್ತದೆ, ಒಣಗಿದಾಗ ಇಟ್ಟಿಗೆಯಂತೆ ಬಿಗಿಯುತ್ತದೆ. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್–ಸೆಪ್ಟೆಂಬರ್ ಆಸುಪಾಸಿನಲ್ಲಿ. ಮಳೆ ಕೈಕೊಟ್ಟ ವರ್ಷ ಬೀದಿಯಷ್ಟು ಗಟ್ಟಿ ನೆಲದ ಮೇಲೆ ಕಬಡ್ಡಿ, ಹಿಂದಿನ ರಾತ್ರಿ ಮಳೆ ಹೊಡೆದರೆ ಜಾರುವ ಕೆಸರಿನಲ್ಲಿ ಖೋಖೋ. ಎರಡರಲ್ಲೂ ಪೆಟ್ಟು ತಿನ್ನುವುದು ಹದಿಮೂರು ಹದಿನಾಲ್ಕರ ಮಕ್ಕಳ ಮೊಣಕಾಲು, ಹಿಮ್ಮಡಿ.

ಮಣ್ಣಿನ ಬಿಗಿ ಮತ್ತು ತೇವ, ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಬರುವುದಿಲ್ಲ. ಲಾಸ್ ಏಂಜಲೀಸ್‌ನ ನೀರು ಸರಬರಾಜು ಇಲಾಖೆಯಲ್ಲಿದ್ದ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ಮಣ್ಣಿನ ಅಣೆಕಟ್ಟುಗಳಿಗಾಗಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಒಂದೇ ಮಣ್ಣು, ಒಂದೇ ತೂಕದ ಪೆಟ್ಟು; ತೇವ ಕಡಿಮೆ ಇದ್ದರೆ ಕಣಗಳು ಒಂದರ ಪಕ್ಕ ಒಂದು ಜಾರಿ ಕೂರುವುದಿಲ್ಲ, ಜಾಸ್ತಿಯಾದರೆ ನಡುವೆ ನೀರೇ ಜಾಗ ಹಿಡಿಯುತ್ತದೆ. ನಡುವಿನ ಒಂದು ಹದದಲ್ಲಿ ಮಾತ್ರ ಮಣ್ಣು ಪೂರ್ತಿ ಬಿಗಿಯುತ್ತದೆ. ಹಿಂದೆ ಸುಗ್ಗಿಗೆ ಮೊದಲು ಒಕ್ಕಣೆಯ ಕಣ ಮಾಡುತ್ತಿದ್ದ ಈ ಸೀಮೆಯ ರೈತರು ಇದನ್ನು ಗ್ರಾಫ್ ಇಲ್ಲದೆಯೇ ಬಲ್ಲವರು. ನೆಲ ಕೆತ್ತಿ, ನೀರು ಚೆಲ್ಲಿ, ಅದು ನೀರು ಕುಡಿದು ಹದಕ್ಕೆ ಬರುವವರೆಗೆ ಕಾದು, ಆಮೇಲೆ ಬಡಿದು ಸಗಣಿ ಸಾರಿಸುತ್ತಿದ್ದರು. ಹಸಿಯಲ್ಲೇ ರೋಣಗಲ್ಲು ಎಳೆದರೆ ಮಣ್ಣು ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಬತ್ತಿದ ಮೇಲೆ ಎಳೆದರೆ ಕಲ್ಲು ಉರುಳುತ್ತದೆಯೇ ಹೊರತು ನೆಲ ಕೂರುವುದಿಲ್ಲ. ಇಂದು ಶಾಲಾ ಮೈದಾನದ ಮೇಲೆ ರೋಲರ್ ಓಡಿಸುವವರು ಕಾಯುವುದು ಮಣ್ಣಿನ ಹದಕ್ಕಲ್ಲ, ರೋಲರ್ ಬಾಡಿಗೆಗೆ ಸಿಗುವ ದಿನಕ್ಕೆ.

ತೇವವನ್ನು ಕಣ್ಣಳತೆಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷಿ ಬೆಂಗಳೂರಿನಲ್ಲೇ ಇದೆ. 2024ರ ಅಕ್ಟೋಬರ್ 16ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್ ಶುರುವಾಗಬೇಕಿತ್ತು. ಮಳೆಗೆ ಮೊದಲ ದಿನವೇ ಕೊಚ್ಚಿಹೋಯಿತು. ಪಿಚ್ ಹೊದಿಕೆಯ ಅಡಿಯಲ್ಲೇ ಇತ್ತು. ಮರುದಿನ ಟಾಸ್ ಗೆದ್ದ ರೋಹಿತ್ ಶರ್ಮಾ ಪಿಚ್ ಮೇಲೆ ಹೆಚ್ಚು ಹುಲ್ಲಿಲ್ಲ ಎಂದು ನೋಡಿ ಬ್ಯಾಟಿಂಗ್ ಆಯ್ದುಕೊಂಡರು. 31.2 ಓವರ್‌ಗಳಲ್ಲಿ 46ಕ್ಕೆ ಆಲೌಟ್. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ, ಐವರು ಸೊನ್ನೆ. ಮ್ಯಾಟ್ ಹೆನ್ರಿ 15 ರನ್ನಿಗೆ ಐದು ವಿಕೆಟ್ ಕಿತ್ತರು. ಪಿಚ್ಚನ್ನು ತಪ್ಪಾಗಿ ಅಂದಾಜು ಮಾಡಿದೆ ಎಂದು ನಾಯಕರೇ ಸಂಜೆ ಒಪ್ಪಿಕೊಂಡರು. ಅವರದು ಪ್ರಾಮಾಣಿಕ ಮಾತು. ಹುಲ್ಲು ಕಣ್ಣಿಗೆ ಕಾಣುತ್ತದೆ, ಅದರ ಕೆಳಗಿನ ತೇವ ಕಾಣುವುದಿಲ್ಲ. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯ ತಂಡದ ನಾಯಕ ಇಂದಿಗೂ ಬೆರಳಲ್ಲಿ ಒತ್ತಿ, ಬೀಗದಕೈ ಚುಚ್ಚಿ ನಿರ್ಧಾರ ಮಾಡುವುದನ್ನು ಟಿವಿಯಲ್ಲಿ ನೋಡುವಾಗ ವೀಕ್ಷಕ ವಿವರಣೆಗಾರರಿಗೆ ಅದೊಂದು ಕಲೆಯಂತೆ ಕಾಣುವುದು ತಮಾಷೆಯೇ.

ಅದೇ ಕ್ರೀಡಾಂಗಣದ ಔಟ್‌ಫೀಲ್ಡಿನ ಕಥೆ ಬೇರೆ. 2015ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್ ಎಬಿ ಡಿವಿಲಿಯರ್ಸ್ ಅವರ ನೂರನೆಯದು. ಮೊದಲ ದಿನ ಆಟ ನಡೆಯಿತು, ಉಳಿದ ನಾಲ್ಕು ದಿನ ಒಂದು ಚೆಂಡೂ ಬೀಳಲಿಲ್ಲ. ಅದಾಗಿ ಒಂದೂವರೆ ವರ್ಷದೊಳಗೆ ರಾಜ್ಯ ಕ್ರಿಕೆಟ್ ಸಂಸ್ಥೆ ಮೈದಾನದ ಜೇಡಿಯನ್ನು ಕಿತ್ತು ಮರಳಿನ ತಳ ಹಾಕಿ, ಕೆಳಗೆ ರಂಧ್ರದ ಕೊಳವೆಗಳನ್ನು ಹೂಳಿ, ಸಬ್‌ಏರ್ ಎಂಬ ಅಮೆರಿಕದ ವ್ಯವಸ್ಥೆಯನ್ನು ಜೋಡಿಸಿತು. 2017ರ ಜನವರಿಯಲ್ಲಿ ಅದು ಕೆಲಸಕ್ಕೆ ಬಂತು. ಕ್ರಿಕೆಟ್ ಮೈದಾನವೊಂದರಲ್ಲಿ ಇದು ಜಗತ್ತಿಗೇ ಮೊದಲು. ಯಂತ್ರ ಕೊಳವೆಯೊಳಗಿನ ಗಾಳಿಯನ್ನು ಎಳೆಯುತ್ತದೆ, ಗಾಳಿಯ ಹಿಂದೆ ಮೇಲಿನ ನೀರೂ ಮರಳಿನ ಮೂಲಕ ಇಳಿದು ಬರುತ್ತದೆ. ನಿಮಿಷಕ್ಕೆ 10,000 ಲೀಟರ್ ಹೊರಹಾಕುವ ಶಕ್ತಿ ಅದಕ್ಕಿದೆ ಎಂದು ಆಗ ಹೇಳಲಾಗಿತ್ತು. ದಿಕ್ಕು ಬದಲಿಸಿದರೆ ಬೇರಿನ ಕೆಳಗಿಂದ ಗಾಳಿ ಊದಲೂ ಬರುತ್ತದೆ. ಹಾಗಂತ ಅದು ಮಾಯೆಯಲ್ಲ: 2025ರ ಮೇ 17ರಂದು ಮಳೆ ಬಿಡದೆ ಸುರಿದಾಗ ಆರ್‌ಸಿಬಿ–ಕೆಕೆಆರ್ ಪಂದ್ಯ ಟಾಸ್ ಕೂಡ ಆಗದೆ ರದ್ದಾಯಿತು.

ಇಷ್ಟಾಗಿಯೂ ಚಿನ್ನಸ್ವಾಮಿಯದು ಅದೃಷ್ಟವಂತ ನೆಲ. 2024ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯ್ಡಾದಲ್ಲಿ ಅಫ್ಗಾನಿಸ್ತಾನ–ನ್ಯೂಜಿಲೆಂಡ್ ಟೆಸ್ಟ್ ಐದೂ ದಿನ ಒಂದು ಚೆಂಡಿಲ್ಲದೆ ಮುಗಿಯಿತು. ಒದ್ದೆ ಜಾಗಗಳಿಗೆ ವಿದ್ಯುತ್ ಫ್ಯಾನ್ ಹಿಡಿದು ಒಣಗಿಸುತ್ತಿದ್ದ ಸಿಬ್ಬಂದಿಯ ಚಿತ್ರಗಳು ಜಗತ್ತೆಲ್ಲ ಸುತ್ತಿದವು. ಅದೇ ತಿಂಗಳ ಕೊನೆಗೆ ಕಾನ್ಪುರದ ಗ್ರೀನ್ ಪಾರ್ಕಿನಲ್ಲಿ ಬಾಂಗ್ಲಾದೇಶದ ವಿರುದ್ಧ ಎರಡು ದಿನ ಪೂರ್ತಿ ಹೋದವು. ಅದರಲ್ಲಿ ಒಂದು ದಿನ ಆಟಕ್ಕೆ ಅಡ್ಡ ನಿಂತದ್ದು ಮಳೆಗಿಂತ ಹೆಚ್ಚಾಗಿ ಒಣಗದ ಔಟ್‌ಫೀಲ್ಡ್.

ಈ ಉದಾಹರಣೆಗಳಲ್ಲಿ ಜನರು ಗಮನಿಸದ ಸಂಗತಿ ಒಂದಿದೆ. ಮೈದಾನದ ಎಲ್ಲ ಭಾಗಕ್ಕೂ ಒಂದೇ ಅಳತೆ ಸಲ್ಲದು. ಪಿಚ್‌ಗೆ ಜೇಡಿ ಬೇಕು, ಅದು ಬಿಗಿಯಾಗಿ ಕೂರಬೇಕು, ಇಲ್ಲವಾದರೆ ಚೆಂಡು ಪುಟಿಯುವುದಿಲ್ಲ. ಔಟ್‌ಫೀಲ್ಡ್‌ಗೆ ಸಡಿಲ ಬೇಕು, ಇಲ್ಲವಾದರೆ ನೀರೂ ಇಳಿಯದು ಬೇರೂ ಇಳಿಯದು. ಜೇಡಿಮಣ್ಣಿನಲ್ಲಿ ಒಂದು ಘನ ಸೆಂಟಿಮೀಟರಿಗೆ ಒಣ ತೂಕ 1.47 ಗ್ರಾಂ ದಾಟಿದರೆ ಬೇರಿನ ಬೆಳವಣಿಗೆಗೆ ತಡೆ. ಮರಳು ಬೆರೆತ ಗೋಡುಮಣ್ಣಿನಲ್ಲಿ ಆ ಗೆರೆ 1.8ರ ಹತ್ತಿರ. ಅಂದರೆ ಹೆದ್ದಾರಿಯ ಎಂಜಿನಿಯರ್‌ಗೆ ಒಳ್ಳೆಯದೆನಿಸುವ ಬಿಗಿ, ಹುಲ್ಲಿಗೆ ಮರಣಶಾಸನ. ಪಂಚಾಯಿತಿಯ ಎಸ್ಟಿಮೇಟಿನಲ್ಲಿ ರಸ್ತೆಗೂ ಮೈದಾನಕ್ಕೂ ಒಂದೇ ರೋಲರ್, ಒಂದೇ ಗ್ರಾವೆಲ್ ಬರೆದಾಗ ಆಗುವುದು ಇದೇ. ಹೊಲದಲ್ಲಿ ಎಷ್ಟು ಕಿತ್ತರೂ ಸಾಯದ ಗರಿಕೆ, ಅದೂ ಅಲ್ಲಿ ಬದುಕುವುದಿಲ್ಲ. ನಗರದ ಕ್ರೀಡಾಂಗಣಗಳು ದುಡ್ಡು ಕೊಟ್ಟು ಹಾಕಿಸುವ ಬರ್ಮುಡಾ ಹುಲ್ಲು ಇದೇ ಗರಿಕೆಯ ಕುಲದ್ದು ಎಂದರೆ ನಮ್ಮ ಕಡೆಯ ರೈತರು ನಕ್ಕಾರು.

ಗಟ್ಟಿ ನೆಲ ಹುಲ್ಲನ್ನು ಮಾತ್ರ ಕೊಲ್ಲುವುದಿಲ್ಲ. ಆಸ್ಟ್ರೇಲಿಯಾದ ಕ್ರೀಡಾವೈದ್ಯ ಜಾನ್ ಆರ್ಚರ್ಡ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ಲೀಗಿನ ಆಟಗಾರರ ಮೊಣಕಾಲಿನ ಲಿಗಮೆಂಟ್ ಹರಿದ ಪ್ರಕರಣಗಳನ್ನು ಹವಾಮಾನದ ಜೊತೆ ಇಟ್ಟು ನೋಡಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಕಂಡದ್ದು: ಪಂದ್ಯದ ಹಿಂದಿನ ತಿಂಗಳಲ್ಲಿ ನೀರು ಹೆಚ್ಚು ಆವಿಯಾಗಿದ್ದರೆ, ಹಿಂದಿನ ಒಂದು ವರ್ಷದಲ್ಲಿ ಮಳೆ ಕಡಿಮೆ ಬಿದ್ದಿದ್ದರೆ, ಯಾರೂ ತಾಗದೆಯೇ ಆಗುವ ಗಾಯಗಳು ಹೆಚ್ಚು. ಈ ವಾಕ್ಯವನ್ನು ಪಾವಗಡದ ದೈಹಿಕ ಶಿಕ್ಷಕರೊಬ್ಬರ ಮುಂದೆ ಇಟ್ಟರೆ ಅವರು ಅಧ್ಯಯನದ ಹೆಸರು ಕೇಳುವುದಿಲ್ಲ. ಬಿಸಿಲಿಗೆ 13,000 ಎಕರೆ ಸೋಲಾರ್ ಪಾರ್ಕ್ ಕಟ್ಟಿಸಿಕೊಂಡ ತಾಲ್ಲೂಕಿನವರು ಅವರು. ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲಿನಲ್ಲಿ ನೆಲದ ಈ ಗಟ್ಟಿತನಕ್ಕೆ ಸಂಖ್ಯೆಯೇ ಉಂಟು. ಕ್ಲೆಗ್ ಹ್ಯಾಮರ್ ಎಂಬ ಸಾಧನದ ತೂಕವನ್ನು ನೆಲಕ್ಕೆ ಬೀಳಿಸಿ, ಅದು ಎಷ್ಟು ಥಟ್ಟನೆ ನಿಂತಿತು ಎಂದು ಅಳೆಯುತ್ತಾರೆ. 100 ಜಿ, ಅಂದರೆ ಗುರುತ್ವದ ನೂರು ಪಟ್ಟು, ಮೀರಿದರೆ ಮೈದಾನ ಸರಿಪಡಿಸಲೇಬೇಕು. ಈ ಹ್ಯಾಮರ್ ಹುಟ್ಟಿದ್ದೂ ಆಟಕ್ಕಾಗಿ ಅಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಬೇಡನ್ ಕ್ಲೆಗ್ ಎಂಬ ಎಂಜಿನಿಯರ್ 1970ರ ದಶಕದಲ್ಲಿ ರಸ್ತೆಯ ತಳಪಾಯ ಪರೀಕ್ಷಿಸಲು ಮಾಡಿದ್ದು. ಅಲ್ಲಿ ರಸ್ತೆಯಿಂದ ಮೈದಾನಕ್ಕೆ ದಾಟಿದ ಉಪಕರಣ ನಮ್ಮಲ್ಲಿ ಇನ್ನೂ ರಸ್ತೆ ಬಿಟ್ಟು ಇಳಿದಿಲ್ಲ.

ಇಂಥ ಪೆಟ್ಟು ಅಳೆಯಲು ಮೊಬೈಲಿನಲ್ಲೇ ಆ್ಯಪ್ ಇದೆಯಲ್ಲ ಎಂದು ಯಾರಾದರೂ ಹೇಳುತ್ತಾರೆ. ಸಾಮಾನ್ಯ ಫೋನಿನೊಳಗಿನ ಸೆನ್ಸರ್ 8ರಿಂದ 16 ಜಿ ದಾಟಿದರೆ ಕೈಚೆಲ್ಲುತ್ತದೆ. ಅದು ಹೆಜ್ಜೆ ಎಣಿಸಲಿ.

ಕುದುರೆಗಳ ವಿಷಯದಲ್ಲಂತೂ ಮನುಷ್ಯರಿಗಿಂತ ಮೊದಲೇ ಎಚ್ಚರ ಬಂದಿದೆ. ಬ್ರಿಟನ್ನಿನ ರೇಸ್ ಕೋರ್ಸ್‌ಗಳಲ್ಲಿ ಗೋಯಿಂಗ್‌ಸ್ಟಿಕ್ ಎಂಬ ಕೋಲನ್ನು ನೆಲಕ್ಕೆ ಚುಚ್ಚಿ, ಬಗ್ಗಿಸಿ ಎಳೆದು ನೋಡಿ, 1ರಿಂದ 15ರ ಮಾಪನದಲ್ಲಿ ನೆಲದ ಗುಣ ಪ್ರಕಟಿಸುತ್ತಾರೆ. ಕೆಸರಾದರೆ ಸಂಖ್ಯೆ ಕೆಳಗೆ, ಗಟ್ಟಿಯಾದರೆ ಮೇಲೆ. ಬಾಜಿ ಕಟ್ಟುವವರ ದುಡ್ಡು ಅದರ ಮೇಲೆ ನಿಂತಿರುವುದರಿಂದ ಅಳತೆಗೆ ಅಷ್ಟು ಮರ್ಯಾದೆ ಎಂದು ಒಗರಾಗಿ ಹೇಳಬಹುದು, ಆದರೆ ಕುದುರೆಯ ಕಾಲಿಗಂತೂ ಅದರಿಂದ ಲಾಭವಾಗಿದೆ.

ಇಷ್ಟೆಲ್ಲ ದುಬಾರಿ ಸಾಧನ ಪಟ್ಟನಾಯಕನಹಳ್ಳಿಗೆ ಬರಬೇಕು ಎಂಬುದು ವಾದವಲ್ಲ. ಬೇಕಾದದ್ದು ಜಿಲ್ಲೆಯಲ್ಲಿ ಈಗಾಗಲೇ ಇದೆ. ಹೆದ್ದಾರಿಯ ಹುಡುಗರು ಬಡಿಯುವ ಆ ಸಿಲಿಂಡರಿಗೆ ಕೋರ್ ಕಟರ್ ಎಂದು ಹೆಸರು. ಹತ್ತು ಸೆಂಟಿಮೀಟರ್ ಅಗಲ, ಹದಿಮೂರರ ಹತ್ತಿರ ಎತ್ತರ, ಒಳಗೆ ಹೆಚ್ಚುಕಡಿಮೆ ಒಂದು ಲೀಟರ್ ಮಣ್ಣು ಹಿಡಿಸುತ್ತದೆ. ಮೇಲಿನ ಹುಲ್ಲು, ಸಡಿಲ ಧೂಳು ಕೆರೆದು, ಸಿಲಿಂಡರನ್ನು ನೆಟ್ಟಗೆ ಇಟ್ಟು, ಮೇಲೊಂದು ಬಳೆ ಕೂರಿಸಿ ಸುತ್ತಿಗೆಯಲ್ಲಿ ಬಡಿಯಬೇಕು. ಅಂಚು ನೆಲದೊಳಗೆ ಹೋದ ಮೇಲೆ ಸುತ್ತ ಅಗೆದು ಅಲುಗದಂತೆ ಎತ್ತಿ, ಎರಡೂ ತುದಿಯನ್ನು ಚಾಕುವಿನಿಂದ ಸಮ ಮಾಡಿ ತೂಗಬೇಕು. ಉದಾಹರಣೆಗೆ ಒಳಗಿನ ಮಣ್ಣು 1,900 ಗ್ರಾಂ ಬಂತು ಎನ್ನೋಣ. ಅದರಲ್ಲಿ ಒಂದು ಹಿಡಿಯನ್ನು ಡಬ್ಬಿಗೆ ಹಾಕಿ, 105–110 ಡಿಗ್ರಿಯ ಓವನ್ನಿನಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಿದಾಗ ತೇವ ಶೇ 12 ಎಂದು ತಿಳಿಯಿತು. ಹಾಗಾದರೆ ಒಣ ಸಾಂದ್ರತೆ 1.7. ಕೆಮ್ಮಣ್ಣಿನ ಫುಟ್‌ಬಾಲ್ ಮೈದಾನಕ್ಕೆ ಇದು ಅಂಚಿನ ಮೇಲೆ ನಿಂತ ಲೆಕ್ಕ. ಇನ್ನೊಂದು ಸಲ ರೋಲರ್ ಓಡಿಸುವ ಮೊದಲು ಯೋಚಿಸಬೇಕು. ಗ್ರಾವೆಲ್ ಜಾಸ್ತಿ ಇದ್ದು ಸಿಲಿಂಡರ್ ಇಳಿಯದಿದ್ದರೆ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಎಷ್ಟು ಒಣ ಮರಳು ಹಿಡಿಯಿತು ಎಂದು ನೋಡುವ ಇನ್ನೊಂದು ವಿಧಾನವಿದೆ. ಎರಡೂ ಭಾರತೀಯ ಮಾನಕದಲ್ಲಿ ದಶಕಗಳಿಂದ ಇರುವ ವಿಧಾನಗಳೇ.

ಒಂದು ದಿನ ಕಾಯಲು ಪುರುಸೊತ್ತಿಲ್ಲದಿದ್ದರೆ ಕಾರ್ಬೈಡ್ ಡಬ್ಬಿ ಉಂಟು. ಒದ್ದೆ ಮಣ್ಣು, ಕ್ಯಾಲ್ಸಿಯಂ ಕಾರ್ಬೈಡ್ ಪುಡಿ ಎರಡನ್ನೂ ಮುಚ್ಚಿದ ಡಬ್ಬಿಯಲ್ಲಿ ಕುಲುಕಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಅದರ ಒತ್ತಡವೇ ತೇವವನ್ನು ಹೇಳುತ್ತದೆ. ಇನ್ನು ಗ್ರಾಮೀಣ ರಸ್ತೆಗಳಿಗೆ ಬಳಸುವ ಕೋನ್ ಪೆನೆಟ್ರೋಮೀಟರ್: ಎಂಟು ಕೆ.ಜಿ. ತೂಕವನ್ನು 57.5 ಸೆಂಟಿಮೀಟರ್ ಮೇಲಿಂದ ಬಿಟ್ಟು, ಒಂದು ಪೆಟ್ಟಿಗೆ ಮೊನೆ ಎಷ್ಟು ಮಿಲಿಮೀಟರ್ ಇಳಿಯಿತು ಎಂದು ಬರೆದುಕೊಳ್ಳುವುದು. ಓದು ಬರಹ ಬಲ್ಲ ಯಾರಿಗಾದರೂ ಬೆಳಗ್ಗೆ ಕಲಿಸಿದರೆ ಮಧ್ಯಾಹ್ನಕ್ಕೆ ಬರುತ್ತದೆ. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಗಳಲ್ಲಿ, ಲೋಕೋಪಯೋಗಿ ಇಲಾಖೆಯ ಗುಣಮಟ್ಟ ಪರಿಶೀಲನೆಯವರಲ್ಲಿ ಇಂಥವು ಇರುತ್ತವೆ. ಕೊರತೆ ಉಪಕರಣದ್ದಲ್ಲ, ಮೈದಾನವನ್ನು ಪರೀಕ್ಷೆಗೆ ಅರ್ಹವಾದ ಕಾಮಗಾರಿ ಎಂದು ಯಾರೂ ಎಣಿಸದಿರುವುದು.

ಕೃಷಿ ಇಲಾಖೆಯವರನ್ನು ಕೇಳಿದರೆ ಮಣ್ಣು ಪರೀಕ್ಷೆ ನಮ್ಮಲ್ಲಿ ಧಾರಾಳವಾಗಿ ನಡೆಯುತ್ತದೆ ಎನ್ನುತ್ತಾರೆ. ನಿಜ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ರಸಸಾರ ಇತ್ಯಾದಿ. ಸಾಂದ್ರತೆ ಅದರಲ್ಲಿಲ್ಲ, ತೇವವೂ ಇಲ್ಲ. ಟ್ರ್ಯಾಕ್ಟರ್ ಓಡಿ ಓಡಿ ಗಟ್ಟಿಯಾದ ಹೊಲದ ಶೇಂಗಾ ಬೆಳೆಗಾರನಿಗೂ ಈ ಎರಡು ಸಂಖ್ಯೆ ಬೇಕಿತ್ತು. ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಬರ ತಡೆದುಕೊಳ್ಳುವ ಬೇಸಾಯವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಮಳೆ ನೀರನ್ನು ಹೊಲದಲ್ಲೇ ಇಂಗಿಸುವ ಪಾಠ ಹೇಳುವ ಅಂಥವರಿಂದ ಪಕ್ಕದ ಶಾಲೆಯ ಅಂಗಳಕ್ಕೂ ಒಂದು ಮಾತು ಬರಬೇಕಾದ್ದೇ.

ಬರದ ಸೀಮೆಯಲ್ಲಿ ಆಟದ ಹುಲ್ಲಿಗೆ ನೀರೆಲ್ಲಿಂದ ಎಂಬ ಆಕ್ಷೇಪ ನ್ಯಾಯವಾದದ್ದು. 2016ರ ಬರದಲ್ಲಿ ಬಾಂಬೆ ಹೈಕೋರ್ಟ್ ಇದೇ ಕಾರಣಕ್ಕೆ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಕಳಿಸಿತು. 2024ರ ಮಾರ್ಚಿನಲ್ಲಿ ಬೆಂಗಳೂರಿನ ನಲ್ಲಿಗಳು ಬತ್ತಿದಾಗ ಚಿನ್ನಸ್ವಾಮಿಗೆ ಜಲಮಂಡಳಿಯ ಸಂಸ್ಕರಿಸಿದ ನೀರು ಬಂತು. ಆದರೆ ಈ ಆಕ್ಷೇಪ ಅಳತೆಯ ವಿರುದ್ಧ ಹೋಗುವುದಿಲ್ಲ, ಅಳತೆಯ ಪರ ನಿಲ್ಲುತ್ತದೆ. ಬೇರಿನ ಮಟ್ಟದಲ್ಲಿ ಎಷ್ಟು ತೇವ ಉಳಿದಿದೆ ಎಂದು ಗೊತ್ತಿಲ್ಲದವರು ದಿನಾ ಸಂಜೆ ಪೈಪ್ ಬಿಡುತ್ತಾರೆ. ನೀರಿನ ವಿದ್ಯುತ್ ಗುಣ ಒಣ ಮಣ್ಣಿನದಕ್ಕಿಂತ ಹತ್ತಿಪ್ಪತ್ತು ಪಟ್ಟು ಬೇರೆ ಎಂಬುದನ್ನು ಬಳಸಿಕೊಂಡು ತೇವ ಅಳೆಯುವ ವಿಧಾನವನ್ನು ಕೆನಡಾದ ಟಾಪ್ ಮತ್ತು ಸಂಗಡಿಗರು 1980ರಲ್ಲಿ ಗಟ್ಟಿ ಮಾಡಿಕೊಟ್ಟರು. ಅದೇ ಜಾತಿಯ ಅಗ್ಗದ ಸೆನ್ಸರ್‌ಗಳು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅವು ತೋರಿಸುವುದನ್ನು ಕಣ್ಣುಮುಚ್ಚಿ ನಂಬಬಾರದು. ಉಪ್ಪಿನ ನೀರಿನ ಬೋರ್‌ವೆಲ್ ಇರುವ ಕಡೆ ತಪ್ಪು ಹೇಳುತ್ತವೆ, ಆಯಾ ಮಣ್ಣನ್ನು ಒಣಗಿಸಿ ತೂಗಿದ ಲೆಕ್ಕದೊಂದಿಗೆ ಒಮ್ಮೆ ತಾಳೆ ನೋಡಲೇಬೇಕು. ಎಲ್ಲ ಕಡೆ ಹುಲ್ಲೇ ಬೇಕೆಂದೂ ಇಲ್ಲ. ಕಬಡ್ಡಿ ಅಂಕಣಕ್ಕೆ ಮೆತ್ತಗಿನ ಮಣ್ಣು ಸಾಕು, ಅದು ಮೆತ್ತಗೆ ಉಳಿದಿದೆಯೇ ಎಂದು ನೋಡುವವರು ಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಲ್ಲಿ ಆಟ ನಡೆದದ್ದು ಮ್ಯಾಟ್ ಮೇಲೆ. ಹಳ್ಳಿಯ ಮಕ್ಕಳು ಆಟ ಕಲಿಯುವುದು ಈಗಲೂ ಮಣ್ಣಿನ ಮೇಲೆಯೇ.

ಅನುಭವಿ ಮಾಲಿಗಳ ಕೈಗೆ ಮೀಟರ್ ಕೊಟ್ಟು ಅವಮಾನ ಮಾಡಬೇಡಿ ಎಂಬ ಮಾತೂ ಇದೆ. ಒಳ್ಳೆಯ ಮಾಲಿಯ ಹಿಮ್ಮಡಿಗೆ ತಿಳಿಯುವುದು ಯಾವ ಯಂತ್ರಕ್ಕೂ ಪೂರ್ತಿ ತಿಳಿಯದು, ಒಪ್ಪೋಣ. ಆದರೆ ಅವರು ನಿವೃತ್ತರಾದ ದಿನ ಆ ತಿಳಿವಳಿಕೆಯೂ ಅವರ ಜೊತೆ ಮನೆಗೆ ಹೋಗುತ್ತದೆ. ಒಂದು ನೋಟ್ ಬುಕ್ಕಿನಲ್ಲಿ ವಾರಕ್ಕೊಮ್ಮೆ ಎರಡು ಸಂಖ್ಯೆ ಬರೆದಿಟ್ಟಿದ್ದರೆ ಮುಂದೆ ಬಂದವರು ಅಲ್ಲಿಂದ ಶುರು ಮಾಡಬಹುದಿತ್ತು. ಕಣ್ಣಳತೆಯ ಇನ್ನೊಂದು ತೊಡಕು, ಅದನ್ನು ಪ್ರಶ್ನಿಸಲು ಬರುವುದಿಲ್ಲ. 2022ರ ಮಾರ್ಚಿನಲ್ಲಿ ಶ್ರೀಲಂಕಾ ವಿರುದ್ಧದ ಹಗಲು–ರಾತ್ರಿ ಟೆಸ್ಟ್ ಬಳಿಕ ಪಂದ್ಯದ ರೆಫ್ರಿ, ನಮ್ಮವರೇ ಆದ ಜಾವಗಲ್ ಶ್ರೀನಾಥ್, ಚಿನ್ನಸ್ವಾಮಿ ಪಿಚ್‌ಗೆ ‘ಸರಾಸರಿಗಿಂತ ಕಡಿಮೆ’ ಎಂದು ಬರೆದರು. ಕ್ರೀಡಾಂಗಣದ ಹೆಸರಿಗೆ ಒಂದು ಡಿಮೆರಿಟ್ ಅಂಕ ಬಿತ್ತು. ತೀರ್ಪು ಸರಿಯಿದ್ದಿರಬಹುದು. ಆದರೆ ಅದು ಆಟ ಮುಗಿದ ಮೇಲಿನ ಮಾತು, ಆಟಕ್ಕೆ ಮೊದಲೇ ಹೇಳುವ ಸಂಖ್ಯೆ ಅಲ್ಲ.

ತುಮಕೂರು ತಾಲ್ಲೂಕಿನ ಸೋರೆಕುಂಟೆಯಲ್ಲಿ ಅಂತರರಾಷ್ಟ್ರೀಯ ಮಟ್ಟದ ಕ್ರಿಕೆಟ್ ಕ್ರೀಡಾಂಗಣಕ್ಕೆ 2024ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಶಂಕುಸ್ಥಾಪನೆ ಮಾಡಿದರು. ಅಲ್ಲಿ ಮಣ್ಣಿನ ಒಂದೊಂದು ಪದರವೂ ಅಳತೆಗೆ ಒಳಗಾಗುತ್ತದೆ, ಅನುಮಾನವಿಲ್ಲ. ಅದಕ್ಕೆ ಬರುವ ಲ್ಯಾಬ್, ಅಲ್ಲಿ ತರಬೇತಾಗುವ ಹುಡುಗರು ಆ ಕಾಂಪೌಂಡಿನೊಳಗೇ ಉಳಿದರೆ ಜಿಲ್ಲೆಗೆ ಸಿಕ್ಕಿದ್ದು ಗ್ಯಾಲರಿ ಮಾತ್ರ. ಕ್ರೀಡಾ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿ ಅದಕ್ಕಾಗಿ ಕಾಯುವ ಅಗತ್ಯವೂ ಇಲ್ಲ. ನರೇಗಾ ದುಡ್ಡಿನಲ್ಲಿ ಶಾಲಾ ಮೈದಾನಗಳು ಆದಾಗ ಆ ಎಸ್ಟಿಮೇಟುಗಳಲ್ಲಿ ಅಗೆತ, ತುಂಬುವಿಕೆ, ಸಮತಟ್ಟು ಎಲ್ಲಕ್ಕೂ ಕಾಲಂ ಇತ್ತು. ಇನ್ನು ಮುಂದಿನವುಗಳಲ್ಲಿ ಇನ್ನೊಂದು ಸಾಲು ಸೇರಿಸಿದರಾಯಿತು: ಮೈದಾನದ ಐದು ಕಡೆ ಒಣ ಸಾಂದ್ರತೆ ಮತ್ತು ತೇವ, ಬಿಲ್ ಪಾಸಾಗುವ ಮೊದಲು. ತಾಲ್ಲೂಕಿಗೊಂದು ಕೋರ್ ಕಟರ್, ಒಂದು ಕೋನ್, ಒಂದು ತಕ್ಕಡಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಇರಲಿ. ಕ್ರೀಡಾಕೂಟ ಗೊತ್ತುಮಾಡುವ ದೈಹಿಕ ಶಿಕ್ಷಣ ಪರಿವೀಕ್ಷಕರು ಒಂದು ವಾರ ಮುಂಚೆ ಮೈದಾನಕ್ಕೆ ಹೋಗಿ ಅಳೆದು ಬರಲಿ. ನೆಲ ಗಟ್ಟಿ ಬಂದರೆ ಎರಡು ಟ್ಯಾಂಕರ್ ನೀರು ಬಿಟ್ಟು, ಹದಕ್ಕೆ ಬಂದಾಗ ಮೇಲಿನ ನಾಲ್ಕು ಇಂಚು ಕೆದಕಿ ಮರಳು ಬೆರೆಸಲು ಆ ಒಂದು ವಾರ ಸಾಕು. ತೇವ ಜಾಸ್ತಿ ಬಂದರೆ ಖೋಖೋವನ್ನು ಎರಡು ದಿನ ಮುಂದಕ್ಕೆ ಹಾಕಿ, ಆ ಹೊತ್ತಿಗೆ ಕೇರಂ, ಚೆಸ್ ಮುಗಿಸಿಕೊಳ್ಳಬಹುದು.